ಶಿಕಾಗೋಗೆ ಹೊಸದಾಗಿ ಬಂದವರಿಗೆ: ರಸ್ತೆ, ರೈಲು, ಗುರುತಿಲ್ಲದ ಮುಖಗಳು

ಲೈಸೆನ್ಸ್, ಸೋಷಿಯಲ್ ಸೆಕ್ಯುರಿಟಿ ನಂಬರ್, ಶಾಲೆಗೆ ಸೇರಿಸುವುದು, ಮೊದಲ ಚಳಿಗಾಲದ ಬಟ್ಟೆ, ಇವೆಲ್ಲ ಕೈಪಿಡಿಯ ಬೇರೆ ಪುಟಗಳಲ್ಲಿವೆ. ಗುರುತಿಲ್ಲದವರ, ಅದರಲ್ಲೂ ಕಪ್ಪು ಜನರ ಬಗ್ಗೆ ನಮಗಿರುವ ಭಯದ ಕುರಿತ ಈ ಪುಟ ಬೇಕೋ ಬೇಡವೋ ಅಂತ ನಮ್ಮ ಕನ್ನಡ ಕೂಟದ ಸಮಿತಿಯಲ್ಲಿ ಎರಡು ಮೀಟಿಂಗ್ ಪೂರ್ತಿ ಜಗಳವಾಯಿತು. "ಇದನ್ನೆಲ್ಲ ಬರೆದು ಯಾಕೆ ಮೈಮೇಲೆ ಎಳ್ಕೋಬೇಕು?" ಅಂದವರೂ ಇದ್ದರು. ಬರೆಯಲೇಬೇಕು ಅಂತ ಹಟ ಹಿಡಿದವಳು ನಾನು. ಹಾಗಾಗಿ ಬರೆಯುವ ಕೆಲಸವೂ ನನ್ನ ತಲೆಗೇ ಬಂತು.

ಏರ್‌ಪೋರ್ಟಿನಿಂದ ಮನೆ ತಲುಪುವಷ್ಟರಲ್ಲಿ

2008ರ ಡಿಸೆಂಬರ್. ದಾವಣಗೆರೆಯಿಂದ ಬಂದ ನಾವು ಮೂವರು, ಆರು ಸೂಟ್‌ಕೇಸು, ಒಂದು ಪ್ರೆಶರ್ ಕುಕ್ಕರ್. ಓಹೇರ್ ಏರ್‌ಪೋರ್ಟಿಗೆ ನಮ್ಮ ಯಜಮಾನರ ಆಫೀಸಿನ ಕನ್ನಡದವರೊಬ್ಬರು ಕಾರು ತಂದಿದ್ದರು. ದೇವರಂಥ ಮನುಷ್ಯ. ಇವತ್ತಿಗೂ ನಮ್ಮ ಮನೆ ಹಬ್ಬದಲ್ಲಿ ಮೊದಲ ಎಲೆ ಅವರದೇ. ಕಾರು ಹೈವೇ ಹತ್ತುವ ಮೊದಲೇ ಅವರು ಮೂರು ಮಾತು ಹೇಳಿದರು. "ಸೌತ್ ಸೈಡ್ ಕಡೆ ತಲೆ ಹಾಕ್ಬೇಡಿ. ಬ್ಲಾಕ್ಸ್ ಎದುರಿಗೆ ಬಂದ್ರೆ ರಸ್ತೆ ದಾಟಿ ಆ ಕಡೆ ಹೋಗ್ಬಿಡಿ. ಪರ್ಸ್‌ನಲ್ಲಿ ಯಾವಾಗ್ಲೂ 20 ಡಾಲರ್ ಇರ್ಲಿ, ಕೇಳಿದ್ರೆ ಕೊಟ್ಬಿಡಿ."

ಹಾಲು ಎಲ್ಲಿ ಸಿಗುತ್ತದೆ ಅಂತ ಗೊತ್ತಾಗುವ ಮೊದಲೇ ಯಾರಿಗೆ ಹೆದರಬೇಕು ಅಂತ ಗೊತ್ತಾಯಿತು ನೋಡಿ.

ಒಂದು ವರ್ಷ ಕಳೆದ ಮೇಲೆ ಅವರನ್ನೇ ಕೇಳಿದೆ, "ನಿಮಗೆ ಯಾವತ್ತಾದ್ರೂ ಏನಾದ್ರೂ ಆಗಿತ್ತಾ?" ಇಲ್ಲವಂತೆ. ಅವರಿಗೆ ಹೇಳಿದ ಹಿರಿಯರನ್ನೂ ಕೇಳಿದೆ. ಅವರಿಗೂ ಇಲ್ಲ, ಅವರಿಗೆ ಬೇರೆ ಯಾರೋ ಹೇಳಿದ್ದರು. ಹೊಸಬರ ಮನೆಗೆ ಮೊಸರಿನ ಹೆಪ್ಪು ಕೊಟ್ಟು ಕಳಿಸುತ್ತೇವಲ್ಲ, ಹಾಗೇ ಈ ಭಯವನ್ನೂ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ದಾಟಿಸಿಕೊಂಡು ಬಂದಿದ್ದೇವೆ. ಎಲ್ಲರ ಮನೆಯಲ್ಲೂ ಚೆನ್ನಾಗಿ ಹೆಪ್ಪುಗಟ್ಟುತ್ತದೆ.

ಆ 20 ಡಾಲರ್ ನೋಟನ್ನು ನಾಲ್ಕು ತಿಂಗಳು ಮಡಿಸಿ ಇಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ. ಕೊನೆಗೆ ಡೆವಾನ್ ರಸ್ತೆಯಲ್ಲಿ ಮೆಂತ್ಯ ಸೊಪ್ಪು, ತೊಗರಿಬೇಳೆ ತಂದು ಖರ್ಚು ಮಾಡಿದೆ.

ರೈಲಿನಲ್ಲಿ ನಾನು ಮಾಡಿದ ತಪ್ಪು

2009ರ ಬೇಸಿಗೆಯಲ್ಲಿ ನಮ್ಮ ಅತ್ತೆ ಬಂದಿದ್ದರು. ಬ್ಲೂ ಲೈನ್ ರೈಲಿನಲ್ಲಿ ಹೊರಟಿದ್ದೆವು. ಅತ್ತೆ ಕಿಟಕಿ ಪಕ್ಕ, ನಾನು ಈಚೆ, ಮಗಳು ತೊಡೆ ಮೇಲೆ. ನಗರದ ನಡುಭಾಗವಾದ ಲೂಪ್‌ನಲ್ಲಿ ಒಬ್ಬ ಹೆಂಗಸು ಹತ್ತಿ ನಮ್ಮ ಪಕ್ಕದ ಸೀಟಿನಲ್ಲಿ ಕೂತರು. ಕಪ್ಪು ಹೆಂಗಸು, ನನ್ನ ವಯಸ್ಸಿನವರೇ ಇರಬೇಕು. ತಿಳಿನೀಲಿ ಬಣ್ಣದ ಆಸ್ಪತ್ರೆ ಬಟ್ಟೆ, ಕೊರಳಲ್ಲಿ ಗುರುತಿನ ಕಾರ್ಡು, ಕೈಯಲ್ಲಿ ಊಟದ ಡಬ್ಬಿ.

ಅತ್ತೆ ನನ್ನ ಮೊಣಕೈ ತಿವಿದು, ಸಣ್ಣ ದನಿ ಅಂದುಕೊಂಡು ದೊಡ್ಡ ದನಿಯಲ್ಲೇ ಹೇಳಿದರು, "ಬ್ಯಾಗ್ ಮೇಲೆ ನಿಗಾ ಇರ್ಲಿ ಕಣೆ." ನಾನು, "ನಿಗಾ ಇಟ್ಟಿದೀನಿ ಅತ್ತೆ, ನಿಗಾ ಇಟ್ಟೇ ಇದೀನಿ" ಅಂತ ಬ್ಯಾಗನ್ನು ಆ ಕಡೆಯಿಂದ ಈ ಕಡೆಗೆ ಎಳೆದುಕೊಂಡೆ. ಆ ಹೆಂಗಸು ಬ್ಯಾಗ್ ನೋಡಿದರು. ನನ್ನನ್ನು ನೋಡಿದರು. ಎದ್ದು ಬಾಗಿಲ ಬಳಿ ಹೋಗಿ ಕಂಬಿ ಹಿಡಿದು ನಿಂತರು. ಎರಡು ಸೀಟು ಖಾಲಿ ಇದ್ದವು, ಕೂರಲಿಲ್ಲ. ಇಲಿನಾಯ್ ಮೆಡಿಕಲ್ ಡಿಸ್ಟ್ರಿಕ್ಟ್ ನಿಲ್ದಾಣದಲ್ಲಿ ಇಳಿದುಹೋದರು. ನಾವಿಬ್ಬರೂ, ಅಬ್ಬಾ, ಬ್ಯಾಗ್ ಉಳಿಯಿತು ಅಂದುಕೊಂಡೆವು.

ಇದು ನನಗೆ ಅರ್ಥವಾಗಿದ್ದು ಒಂದೂವರೆ ವರ್ಷದ ನಂತರ. ಮಗಳ ಶಾಲೆಯ ಆಟದ ಮೈದಾನದಲ್ಲಿ ಯಾರಿಗೋ "ಮಗು ಮೇಲೆ ನಿಗಾ ಇಡಿ" ಅಂದೆ. ಮಗಳು ಓಡಿ ಬಂದು ನನ್ನ ಬಾಯಿ ಮುಚ್ಚಿದಳು. ಮುಖ ಕೆಂಪಾಗಿತ್ತು. ಗುಲಾಮಗಿರಿಯ ಕಾಲದಿಂದ ಕಪ್ಪು ಜನರನ್ನು ಕೀಳು ಮಾಡಲು ಬಳಸಿದ ಒಂದು ಬೈಗುಳ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ "ನಿಗಾ" ಇಲ್ಲಿಯವರ ಕಿವಿಗೆ ಸಾಕ್ಷಾತ್ ಅದೇ ಆಗಿ ಕೇಳುತ್ತದೆ. ಅಂದರೆ ಕೆಲಸಕ್ಕೆ ಹೊರಟ ಆ ಹೆಂಗಸಿಗೆ ನಾವು ಅತ್ತೆ ಸೊಸೆ ಸೇರಿ ಮೂರು ಸಲ ಬೈದಿದ್ದೆವು.

ಪದ ನಮ್ಮ ಭಾಷೆಯದು, ನಮಗೇನು ಗೊತ್ತಿತ್ತು ಅನ್ನಬಹುದು. ಸರಿ. ಬ್ಯಾಗ್ ಎಳೆದುಕೊಂಡಿದ್ದು ಯಾವ ಭಾಷೆ? ಅದು ಅವರಿಗೆ ಪದ ಕೇಳದಿದ್ದರೂ ಅರ್ಥವಾಗುತ್ತಿತ್ತು.

ಆದ್ದರಿಂದ ರೈಲು, ಲಿಫ್ಟು, ಅಂಗಡಿಯಲ್ಲಿ "ಜೋಪಾನ" ಅನ್ನಿ, "ಹುಷಾರು" ಅನ್ನಿ. ಊರಿಂದ ಬರುವ ಹಿರಿಯರಿಗೆ ಏರ್‌ಪೋರ್ಟಿನಲ್ಲೇ ಹೇಳಿಬಿಡಿ. "ಕರಿಯ" ಅಂತ ಕನ್ನಡದಲ್ಲಿ ಅಂದರೆ ಯಾರಿಗೆ ತಿಳಿಯುತ್ತೆ ಅನ್ನಬೇಡಿ, ನಿಮ್ಮ ಮಕ್ಕಳಿಗೆ ತಿಳಿಯುತ್ತದೆ. ಹಿಂದಿಯ "ಕಲ್ಲು" "ಕಾಲಿಯಾ" ಕೂಡ ಬೇಡ, ಆಫೀಸುಗಳಲ್ಲಿ ಈಗ ಅವುಗಳ ಅರ್ಥ ಗೊತ್ತಿರುವವರಿದ್ದಾರೆ. ನಮ್ಮ ಹಳೇ ಪಾಠಪುಸ್ತಕಗಳಲ್ಲಿದ್ದ "ನೀಗ್ರೋ" ಅಲ್ಲೇ ಇರಲಿ. ಬ್ಲಾಕ್ ಅನ್ನಿ, ಆಫ್ರಿಕನ್ ಅಮೆರಿಕನ್ ಅನ್ನಿ. ಪರಿಚಯವಾದ ತಕ್ಷಣ "ಆಫ್ರಿಕಾದಲ್ಲಿ ಯಾವ ದೇಶ?" ಅಂತ ಕೇಳಬೇಡಿ. ವರ್ಜೀನಿಯಾಕ್ಕೆ ಮೊದಲ ಆಫ್ರಿಕನ್ನರನ್ನು ಹಿಡಿದು ತಂದದ್ದು 1619ರಲ್ಲಿ. ನೀವು ಬಂದು ಎಷ್ಟು ದಿನವಾಯಿತು?

ರೈಲಿಗೆ ನಿಜವಾಗಿ ಬೇಕಾದ ಎಚ್ಚರಿಕೆಗಳು ಇಷ್ಟೇ:

- ಬಾಗಿಲ ಪಕ್ಕದ ಸೀಟಿನಲ್ಲಿ ಫೋನ್ ಕೈಯಲ್ಲಿ ಹಿಡಿದು ಕೂರಬೇಡಿ. ಬಾಗಿಲು ಮುಚ್ಚುವ ಹೊತ್ತಿಗೆ ಕಸಿದು ಓಡುತ್ತಾರೆ.
- ರಾತ್ರಿ ಹೊತ್ತು ಚಾಲಕರಿರುವ ಮೊದಲ ಬೋಗಿ ಹತ್ತಿ. ಖಾಲಿ ಬೋಗಿ ಸಿಕ್ಕಿತು ಅಂತ ಖುಷಿ ಪಡಬೇಡಿ.
- ಬೋಗಿಯೊಳಗೆ ಬಾಗಿಲ ಹತ್ತಿರ ಚಾಲಕರ ಜೊತೆ ಮಾತಾಡುವ ಗುಂಡಿ ಇದೆ. ಮೊದಲ ದಿನವೇ ಎಲ್ಲಿದೆ ನೋಡಿಕೊಳ್ಳಿ.
- ಯಾರಾದರೂ ಕೂಗಾಡುತ್ತಿದ್ದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಪಕ್ಕದ ಬೋಗಿಗೆ ಹೋಗಿ. ಮಾತಿಗೆ ಮಾತು ಬೇಡ.
- ರೆಡ್ ಲೈನ್, ಬ್ಲೂ ಲೈನ್ ಮಾತ್ರ 24 ಗಂಟೆ ಓಡುತ್ತವೆ.

ಎದುರಿಗೆ ಬಂದವರು

ನಮ್ಮೂರಲ್ಲಿ ಗುರುತಿಲ್ಲದವರನ್ನು ಮಾತಾಡಿಸುವುದಿಲ್ಲ, ಆದರೆ ಕಣ್ಣು ತುಂಬ ನೋಡುತ್ತೇವೆ. ಇಲ್ಲಿ ಉಲ್ಟಾ. ದಿಟ್ಟಿಸಿ ನೋಡಿದರೆ ಸಿಟ್ಟು ಬರುತ್ತದೆ, ಮಾತಾಡಿಸಿದರೆ ಮರ್ಯಾದೆ. ಎದುರಾದ ಕಪ್ಪು ಮನುಷ್ಯರು, ಅದರಲ್ಲೂ ಸ್ವಲ್ಪ ವಯಸ್ಸಾದವರು, ತಲೆ ಬಾಗಿಸಿ "ಹೌ ಯು ಡೂಯಿಂಗ್" ಅನ್ನುತ್ತಾರೆ. ಮೊದಲ ಸಲ ನನಗೆ ಎದೆ ಧಸಕ್ಕೆಂದಿತ್ತು. 20 ಡಾಲರ್ ಕೇಳುವ ಮುಂಚಿನ ಪೀಠಿಕೆ ಇದು ಅಂದುಕೊಂಡೆ. ಇನ್ನೊಂದು ಸಲ ಧೈರ್ಯ ಮಾಡಿ, ನಿಂತು, ಚೆನ್ನಾಗಿದ್ದೀನಿ, ಸ್ವಲ್ಪ ನೆಗಡಿ, ನೀವು ಹೇಗಿದ್ದೀರಿ ಅಂತ ಇಂಗ್ಲಿಷಿನಲ್ಲಿ ಜೋಡಿಸಿ ಹೇಳುವಷ್ಟರಲ್ಲಿ ಆತ ಎರಡು ಕಂಬ ದಾಟಿ ಹೋಗಿದ್ದ. ಉತ್ತರ ಬೇಕಾಗಿಲ್ಲ. ನೀವೂ ತಲೆ ಬಾಗಿಸಿ ನಡೆಯಿರಿ.

ಹುಡ್ ಹಾಕಿಕೊಂಡವರು ಅಂತ ಹೆದರುತ್ತೀರಿ. ಜನವರಿಯಲ್ಲಿ ಮೈನಸ್ 20 ಡಿಗ್ರಿ ಆದಾಗ ನಿಮ್ಮ ಯಜಮಾನರೂ ಹುಡ್ ಹಾಕಿ, ಮುಖಕ್ಕೆ ಬಟ್ಟೆ ಸುತ್ತಿ, ಎರಡು ಕಣ್ಣು ಬಿಟ್ಟುಕೊಂಡು ಬಸ್ ಸ್ಟಾಪಿನಲ್ಲಿ ನಿಂತಿರುತ್ತಾರೆ. ಆಗ ಫೋಟೋ ತೆಗೆದು ನೋಡಿ.

ನೋಡಬೇಕಾದ್ದು ಏನು ಮಾಡುತ್ತಿದ್ದಾರೆ ಅಂತ. ನೀವು ತಿರುಗಿದ ಕಡೆಗೆಲ್ಲ ಮೂರು ಸಲ ತಿರುಗಿದರಾ? ಒಬ್ಬರು ದಾರಿ ಕೇಳುತ್ತಿರುವಾಗ ಇನ್ನೊಬ್ಬರು ನಿಮ್ಮ ಬೆನ್ನ ಹಿಂದೆ ಬಂದು ನಿಂತರಾ? ಬೇಡ ಅಂದ ಮೇಲೂ ಮೈಮೇಲೆ ಬರುತ್ತಿದ್ದಾರಾ? ಆಗ ಅಂಗಡಿಯೊಳಗೆ ಹೋಗಿ, ಬೆಳಕಿರುವ ಕಡೆ ಹೋಗಿ, ಫೋನ್ ಮಾಡಿ. ಇದನ್ನು ಮಾಡುವವರು ಯಾವ ಬಣ್ಣದವರಾದರೂ ಇರಬಹುದು. ನನ್ನ ಪರ್ಸ್ ಹೋಗಿದ್ದು ಒಂದೇ ಸಲ, ಚೆನ್ನಾಗಿ ಸೂಟು ಹಾಕಿದ ಬಿಳಿಯನೊಬ್ಬ ಕಾಫಿ ಚೆಲ್ಲಿ ಸಾರಿ ಸಾರಿ ಅನ್ನುತ್ತ ಒರೆಸಿಕೊಟ್ಟಾಗ. ಅವನ ಮೇಲೆ ನಿಗಾ ಇಟ್ಟಿರಲಿಲ್ಲ.

ಸೌತ್ ಸೈಡ್ ಅಂದರೆ

ಸೌತ್ ಸೈಡ್, ವೆಸ್ಟ್ ಸೈಡ್ ಅಂದರೆ ನೂರಾರು ಬೀದಿ, ಲಕ್ಷಾಂತರ ಜನ. ಗುಂಡಿನ ಸದ್ದು ಜಾಸ್ತಿ ಕೇಳುವ ಬೀದಿಗಳು ಅಲ್ಲಿವೆ, ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಅದರಲ್ಲಿ ಸಾಯುವವರು ಬಹುಪಾಲು ಅಲ್ಲೇ ವಾಸ ಮಾಡುವವರು, ನಮ್ಮ ನಿಮ್ಮಂಥ ದಾರಿಹೋಕರಲ್ಲ. ಹೈಡ್ ಪಾರ್ಕ್ ಕೂಡ ಸೌತ್ ಸೈಡೇ. ಶಿಕಾಗೋ ವಿಶ್ವವಿದ್ಯಾಲಯ ಅಲ್ಲಿದೆ, ನಮ್ಮ ಹುಡುಗರು ಓದುತ್ತಾರೆ, ಬರಾಕ್ ಒಬಾಮಾ ಮನೆಯೂ ಆ ಕಡೆಯೇ. ಯಾವ ಬೀದಿ, ಎಷ್ಟು ಹೊತ್ತಿಗೆ ಅಂತ ಅಲ್ಲಿಯವರನ್ನೇ ಕೇಳಿ. ದಾವಣಗೆರೆಯಲ್ಲೂ ರಾತ್ರಿ ಹನ್ನೊಂದಕ್ಕೆ ಯಾವ ರಸ್ತೆಯಲ್ಲಿ ಹೋಗಬಾರದು ಅಂತ ನಮಗೆ ಗೊತ್ತಿತ್ತು ಅಲ್ವಾ? ಅದಕ್ಕೆ ಊರಿಗೆ ಊರನ್ನೇ ಬಿಟ್ಟಿದ್ದೆವಾ?

ಕಪ್ಪು ಜನ ಅಲ್ಲೇ ಯಾಕೆ ಗುಂಪಾಗಿದ್ದಾರೆ ಅಂತ ನಮ್ಮವರು ಕೇಳುತ್ತಾರೆ, ಅವರಾಗಿಯೇ ಆರಿಸಿಕೊಂಡವರ ಹಾಗೆ. ದಕ್ಷಿಣದ ರಾಜ್ಯಗಳ ದಬ್ಬಾಳಿಕೆ ತಾಳಲಾರದೆ 1910ರ ದಶಕದಿಂದ ರೈಲು ಹತ್ತಿ ಇಲ್ಲಿಗೆ ಬಂದವರು ಅವರು. ನಮ್ಮ ಹಾಗೆ ವಲಸೆ ಬಂದವರೇ. ಬಂದವರಿಗೆ ಮನೆ ಮಾರಬಾರದು, ಬಾಡಿಗೆಗೂ ಕೊಡಬಾರದು ಅಂತ ಕ್ರಯಪತ್ರದಲ್ಲೇ ಷರತ್ತು ಬರೆಯುತ್ತಿದ್ದರು. ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. 1930ರ ದಶಕದಲ್ಲಿ ಸರ್ಕಾರದ ಸಂಸ್ಥೆಯೇ ನಕ್ಷೆ ಮಾಡಿ ಅವರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದಿತ್ತು. ಕೆಂಪು ಅಂದರೆ ಸಾಲ ಸಿಗುವುದು ಕಷ್ಟ. 1919ರ ಜುಲೈನಲ್ಲಿ 17 ವರ್ಷದ ಯೂಜೀನ್ ವಿಲಿಯಮ್ಸ್ ಅನ್ನುವ ಹುಡುಗ ಕೆರೆಯಲ್ಲಿ ಈಜುತ್ತಾ ಬಿಳಿಯರ ಕಡೆಯ ನೀರಿಗೆ ತೇಲಿಹೋದ. ದಡದಿಂದ ಕಲ್ಲು ಹೊಡೆದರು, ಮುಳುಗಿ ಸತ್ತ. ಆಮೇಲೆ ನಡೆದ ಗಲಭೆಯಲ್ಲಿ ಸತ್ತವರು 38 ಜನ. ನಾವು ಬೇಸಿಗೆಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು ಹೋಗುತ್ತೇವಲ್ಲ, ಅದೇ ಮಿಶಿಗನ್ ಕೆರೆ. ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ವೆಸ್ಟ್ ಸೈಡಿನ ಬಾಡಿಗೆ ಮನೆಗೆ ಬಂದಿದ್ದರು. ಮನೆ ಹಕ್ಕಿಗಾಗಿ ಮಾರ್ಕೆಟ್ (Marquette) ಪಾರ್ಕ್‌ನಲ್ಲಿ ಮೆರವಣಿಗೆ ಹೊರಟಾಗ ಅವರ ತಲೆಗೂ ಕಲ್ಲು ಬಿತ್ತು.

ನಮಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. 1923ರಲ್ಲಿ ಇದೇ ದೇಶದ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂದ್ ಅವರ ಕೇಸಿನಲ್ಲಿ, ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತ್ತು. 1946ರಲ್ಲಿ ದಯೆ ತೋರಿಸಿ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ ಕೊಟ್ಟರು. ನೂರು! ಈಗ ನಮ್ಮ ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲೇ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ. 1965ರಲ್ಲಿ ಆ ಬಾಗಿಲು ತೆರೆಯಿತು. ಕಪ್ಪು ಜನ ಬೀದಿಯಲ್ಲಿ ಒದೆ ತಿಂದು, ಜೈಲಿಗೆ ಹೋಗಿ ದೇಶದ ಕಾನೂನನ್ನು ಅಲ್ಲಾಡಿಸಿದ ಕಾಲ ಅದು. ವೇದಿಕೆ ಮೇಲೆ ಮಕ್ಕಳ ಕೈಲಿ ವಚನ ಹಾಡಿಸುತ್ತೇವೆ. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ನಿಂತು ಮಾತಾಡುವುದು ಯಾವ ಬಡಾವಣೆಯಲ್ಲಿ "ಅವರು" ಇಲ್ಲ ಅಂತ.

ಅಪ್ಪ ಅಮ್ಮ ಬಂದಾಗ

ಈ ಭಾಗ ಉದ್ದವಾಯಿತು ಅಂತ ಸಮಿತಿಯವರು ಹೇಳಿದರು. ಕತ್ತರಿಸಲು ನಾನು ಒಪ್ಪಲಿಲ್ಲ.

2011ರ ಮೇ ತಿಂಗಳಲ್ಲಿ ನಮ್ಮ ಅಪ್ಪ ಬಂದರು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ರಿಟೈರ್ ಆದವರು. ಬೆಳಿಗ್ಗೆ ಐದೂವರೆಗೆ ಏಳುವುದು, ಆರಕ್ಕೆ ವಾಕಿಂಗ್, ಬರುವಾಗ ಪೂಜೆಗೆ ಹೂವು. ನಮ್ಮೂರಲ್ಲಿ ಕಾಂಪೌಂಡ್ ಆಚೆ ಬಾಗಿದ ಹೂವು ಯಾರದಾದರೂ ದೇವರಿಗೆ ಸೇರಿದ್ದೇ ಅಲ್ವಾ? ಅಪ್ಪ ಇಲ್ಲೂ ಹಾಗೇ ಅಂದುಕೊಂಡರು. ಪಂಚೆ, ಅದರ ಮೇಲೆ ಕಂದು ಬಣ್ಣದ ಸ್ವೆಟರ್, ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಪ್ರತಿ ಮನೆ ಮುಂದೆ ನಿಂತು ನಂಬರ್ ಓದುತ್ತಿದ್ದರು. ಮೇಷ್ಟ್ರಲ್ವಾ, ಒಂದು ಬದಿ ಬೆಸ, ಒಂದು ಬದಿ ಸಮ ಅಂತ ಕಂಡುಹಿಡಿದು ಖುಷಿಪಟ್ಟಿದ್ದರು. ಇದನ್ನು ಒಳಗಿನಿಂದ, ಪರದೆ ಸಂದಿಯಿಂದ ನೋಡುವವರಿಗೆ ಹೇಗೆ ಕಾಣುತ್ತದೆ ಯೋಚಿಸಿ. ಮುಖ ಮುಚ್ಚಿಕೊಂಡ ಕಪ್ಪು ಮನುಷ್ಯ, ಚೀಲ ಹಿಡಿದು, ಒಂದೊಂದೇ ಮನೆ ಬಾಗಿಲು ನೋಡಿಕೊಂಡು ಹೋಗುತ್ತಿದ್ದಾನೆ.

ಹತ್ತನೆಯ ದಿನ ಯಾರೋ ಫೋನ್ ಮಾಡಿದರು. ಎರಡು ಪೊಲೀಸ್ ಕಾರು ಬಂತು. ಅವರು ಏನೋ ಕೇಳಿದರು, ಅಪ್ಪನಿಗೆ ಆ ಉಚ್ಚಾರ ಹಿಡಿಯಲಿಲ್ಲ. ಕನ್ನಡಕ ಹಾಕಿಕೊಂಡರೆ ಸರಿಯಾಗಿ ಕೇಳುತ್ತದೆ ಅನ್ನುವ ಅಭ್ಯಾಸ ಅವರಿಗೆ, ನಿಮ್ಮ ಮನೆ ಹಿರಿಯರಿಗೂ ಇರಬಹುದು. ಕನ್ನಡಕ ತೆಗೆಯಲು ಸ್ವೆಟರ್ ಒಳಗೆ ಕೈ ಹಾಕಿದರು. ಪೊಲೀಸಿನವನು ಕಿರುಚಿದ. ಅಪ್ಪ ಹಾಗೇ ಕೈ ಒಳಗಿಟ್ಟುಕೊಂಡೇ ನಿಂತುಬಿಟ್ಟರಂತೆ. ತೆಗೆಯಲಾ ಬೇಡವಾ ಗೊತ್ತಾಗಲಿಲ್ಲ ಅಂದರು ಆಮೇಲೆ.

ಆರು ಇಪ್ಪತ್ತಕ್ಕೆ ನಮ್ಮ ಮನೆ ಬೆಲ್ ಆಯಿತು. ಒಬ್ಬ ಪೊಲೀಸು, ಅವನ ಮುಂದೆ ಅಪ್ಪ. ಕವರಿನಲ್ಲಿ ನಾಲ್ಕು ಗುಲಾಬಿ.

ಏನೂ ಆಗಲಿಲ್ಲ ಅಂತಲೇ ಎಲ್ಲರೂ ಹೇಳಿದರು. ನಿಜ, ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ವಾಪಸ್ ಹೋಗುವವರೆಗೆ, ಇನ್ನೂ ಮೂರು ತಿಂಗಳು, ಅಪ್ಪ ವಾಕಿಂಗ್ ಮಾಡಿದ್ದು ನಮ್ಮ ಗ್ಯಾರೇಜಿನೊಳಗೆ. ಕಾರು ಹೊರಗೆ ತೆಗೆದ ಮೇಲೆ ಸುತ್ತುತ್ತಿದ್ದರು. ಒಂದು ಸುತ್ತಿಗೆ 31 ಹೆಜ್ಜೆ ಅಂತ ಲೆಕ್ಕ ಇಟ್ಟಿದ್ದರು. ಫೋನ್ ಮಾಡಿದ್ದು ಯಾರು ಅಂತ ಗೊತ್ತಾಗಲೇ ಇಲ್ಲ. ಎರಡು ವರ್ಷ ನಾನು ಆ ರಸ್ತೆಯ ಒಂದೊಂದು ಮನೆಯನ್ನೂ ಅನುಮಾನದಿಂದ ನೋಡಿಕೊಂಡು ಓಡಾಡಿದೆ, ಇವರಾ, ಅವರಾ ಅಂತ. ಆ ರೋಗ ನನಗೂ ಹತ್ತಿತು.

2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಿಂದ ಸುದ್ದಿ ಬಂತು. ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದ 57 ವರ್ಷದ ಅಜ್ಜ. ಬಂದು ಎರಡು ವಾರವೂ ಆಗಿರಲಿಲ್ಲ. ಬೆಳಿಗ್ಗೆ ಮಗನ ಮನೆ ರಸ್ತೆಯಲ್ಲಿ ನಡೆಯುತ್ತಿದ್ದರು. ತೆಳ್ಳಗಿನ ಕಪ್ಪು ಮನುಷ್ಯನೊಬ್ಬ ಗ್ಯಾರೇಜುಗಳನ್ನು ನೋಡುತ್ತಾ ತಿರುಗುತ್ತಿದ್ದಾನೆ ಅಂತ ಫೋನ್ ಹೋಯಿತು. ಪೊಲೀಸರಿಗೆ ಅವರು "ನೋ ಇಂಗ್ಲಿಷ್" ಅಂದರು. ಒಬ್ಬ ಪೊಲೀಸ್ ಕಾಲು ಕೊಟ್ಟು ನೆಲಕ್ಕೆ ಕೆಡವಿದ. ಬೆನ್ನುಮೂಳೆಗೆ ಆಪರೇಷನ್ ಆಯಿತು, ಕೈಕಾಲಿನ ಸ್ವಾಧೀನ ಭಾಗಶಃ ಹೋಯಿತು. ಆ ಪೊಲೀಸ್ ಮೇಲಿನ ಕೇಸಿನಲ್ಲಿ ಎರಡು ಸಲ ಜೂರಿಗಳು ಒಮ್ಮತಕ್ಕೆ ಬರಲಿಲ್ಲ, 2016ರ ಜನವರಿಯಲ್ಲಿ ನ್ಯಾಯಾಧೀಶರು ಬಿಡುಗಡೆ ಮಾಡಿದರು. ಆ ವಿಡಿಯೋವನ್ನು ಅಪ್ಪನಿಗೆ ತೋರಿಸಲಿಲ್ಲ. ಅವರೇ ಪೇಪರಿನಲ್ಲಿ ಓದಿ ದಾವಣಗೆರೆಯಿಂದ ಫೋನ್ ಮಾಡಿ, "ಅವರೂ ಕನ್ನಡಕ ತೆಗೆಯೋಕೆ ಹೋಗಿದ್ರಾ?" ಅಂತ ಕೇಳಿದರು.

ಆ ಅಜ್ಜನ ಮೇಲೆ ಫೋನ್ ಹೋದದ್ದು ಭಾರತೀಯ ಅಂತ ಅಲ್ಲ, ಕಪ್ಪು ಮನುಷ್ಯ ಅಂದುಕೊಂಡು. ನಾವು ಇಲ್ಲಿ ಯಾರ ಬಗ್ಗೆ ಭಯ ಹರಡುತ್ತೇವೋ ಆ ಭಯ ನಮ್ಮ ಅಪ್ಪಂದಿರ ಮೈಮೇಲೂ ಬರುತ್ತದೆ. ದೂರದಿಂದ ನೋಡುವವರಿಗೆ ನಿಮ್ಮ ಗೋತ್ರ ಕಾಣುವುದಿಲ್ಲ.

ಹಿರಿಯರು ಬರುವ ಮೊದಲು:

- ಮನೆ ವಿಳಾಸ, ನಿಮ್ಮ ಫೋನ್ ನಂಬರ್, "ನನಗೆ ಇಂಗ್ಲಿಷ್ ಬರುವುದಿಲ್ಲ, ಮಗನ ಮನೆಗೆ ಬಂದಿದ್ದೇನೆ" ಅಂತ ಇಂಗ್ಲಿಷಿನಲ್ಲಿ ಬರೆದ ಚೀಟಿ ಮಾಡಿ. ಜೇಬಿನಲ್ಲಿ ಅಲ್ಲ, ಕೊರಳಿಗೆ ಹಾಕಿ. ಜೇಬಿಗೆ ಕೈ ಹಾಕುವ ಪ್ರಸಂಗವೇ ಬೇಡ.
- ಪೊಲೀಸ್ ಎದುರಾದರೆ ನಿಲ್ಲಬೇಕು, ಎರಡೂ ಅಂಗೈ ಕಾಣಬೇಕು. ಮನೆಯಲ್ಲಿ ಎರಡು ಸಲ ಅಭ್ಯಾಸ ಮಾಡಿಸಿ. ನಗುತ್ತಾರೆ, ನಗಲಿ.
- ಮೊದಲ ವಾರ ನೀವೂ ಜೊತೆಗೆ ನಡೆಯಿರಿ. ಅಕ್ಕಪಕ್ಕದವರಿಗೆ ಪರಿಚಯ ಮಾಡಿಸಿ.
- ಹುಲ್ಲಿನ ಮೇಲೆ ಕಾಲಿಡಬಾರದು. ಹೂವು ಕೀಳಲೇಬಾರದು. ಪೂಜೆಗೆ ಹೂವು ಅಂಗಡಿಯಲ್ಲಿ ಸಿಗುತ್ತದೆ.
- ದಾರಿಯಲ್ಲಿ ಕಂಡ ಮಕ್ಕಳ ಕೆನ್ನೆ ಹಿಂಡುವುದು, ಚಾಕೊಲೇಟ್ ಕೊಡುವುದು ಬೇಡ. ಪ್ರೀತಿಯೇ, ಗೊತ್ತು. ಬೇಡ.

ಪೊಲೀಸರು ಕಾರು ನಿಲ್ಲಿಸಿದರೆ

- ಬಲಕ್ಕೆ ನಿಲ್ಲಿಸಿ. ಕಾರಿನಿಂದ ಇಳಿಯಬೇಡಿ. ನಮ್ಮೂರ ಥರ ಇಳಿದು "ಸಾರ್, ಸಾರ್" ಅಂತ ಓಡುವುದು ಇಲ್ಲಿ ಅಪಾಯ.
- ಕೈ ಸ್ಟೀರಿಂಗ್ ಮೇಲೆ. ರಾತ್ರಿಯಾದರೆ ಒಳಗಿನ ದೀಪ ಹಾಕಿ.
- ಕಾಗದ ತೆಗೆಯುವ ಮೊದಲು ಎಲ್ಲಿದೆ, ಕೈ ಎಲ್ಲಿಗೆ ಹೋಗುತ್ತದೆ ಅಂತ ಹೇಳಿ.
- ದುಡ್ಡಿನ ಮಾತು ಎತ್ತಲೇಬೇಡಿ.

911ಕ್ಕೆ ಫೋನ್ ಮಾಡುವ ಮುಂಚೆ

ಬೆಂಕಿ, ಎದೆನೋವು, ಅಪಘಾತ, ಹೊಡೆದಾಟ, ಮನೆಗೆ ನುಗ್ಗಿದರೆ: ಯೋಚಿಸದೆ ಮಾಡಿ. ಮೊದಲು ವಿಳಾಸ ಹೇಳಿ. ಇಂಡಿಯಾಕ್ಕೆ ಫೋನ್ ಮಾಡಲು ಹೋಗಿ ತಪ್ಪಿ 911 ಒತ್ತಿದರೆ ಇಡಬೇಡಿ, ತಪ್ಪಾಯಿತು ಅಂತ ಹೇಳಿ ಇಡಿ. ಇಲ್ಲದಿದ್ದರೆ ಮನೆಗೇ ಬರುತ್ತಾರೆ. ತುರ್ತಲ್ಲದ ದೂರಿಗೆ ಶಿಕಾಗೋ ನಗರದೊಳಗೆ 311. ಹೊರವಲಯದ ಊರುಗಳಿಗೆ ಬೇರೆ ಬೇರೆ ನಂಬರ್, ಫ್ರಿಜ್ ಮೇಲೆ ಬರೆದು ಅಂಟಿಸಿ.

"ಒಬ್ಬ ಬ್ಲಾಕ್ ಮನುಷ್ಯ ನಮ್ಮ ರಸ್ತೆಯಲ್ಲಿದ್ದಾನೆ" ಅನ್ನುವುದು ದೂರಲ್ಲ. ಏನು ಮಾಡುತ್ತಿದ್ದಾನೆ ಅಂತ ಹೇಳಲು ನಿಮ್ಮ ಹತ್ತಿರ ಒಂದು ವಾಕ್ಯ ಇಲ್ಲದಿದ್ದರೆ ಫೋನ್ ಕೆಳಗಿಡಿ. 2020ರ ಮೇ 25ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಹಕ್ಕಿ ನೋಡಲು ಬಂದಿದ್ದ ಕ್ರಿಶ್ಚಿಯನ್ ಕೂಪರ್, ನಾಯಿಗೆ ಸರಪಳಿ ಹಾಕಿ ಅಂದದ್ದಕ್ಕೆ ಒಬ್ಬ ಬಿಳಿ ಹೆಂಗಸು ಆಫ್ರಿಕನ್ ಅಮೆರಿಕನ್ ಒಬ್ಬ ನನಗೆ ಬೆದರಿಕೆ ಹಾಕುತ್ತಿದ್ದಾನೆ ಅಂತ 911ಕ್ಕೆ ಫೋನ್ ಮಾಡಿದಳು. ಆತ ವಿಡಿಯೋ ಮಾಡಿಕೊಂಡಿದ್ದರಿಂದ ನಿಜ ಹೊರಬಂತು. ಅದೇ ದಿನ ಮಿನಿಯಾಪೊಲಿಸ್‌ನಲ್ಲಿ ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಡಿ ಸತ್ತರು. ಅಲ್ಲಿ ಪೊಲೀಸರನ್ನು ಕರೆದದ್ದು ಒಂದು ನೋಟು ಖೋಟಾ ಇರಬಹುದು ಅಂತ. 20 ಡಾಲರಿನದು.

ನಮ್ಮ ಬಡಾವಣೆಯ ಕನ್ನಡ ವಾಟ್ಸಾಪ್ ಗುಂಪಿನ ಕಥೆಯನ್ನೂ ಹೇಳಿಬಿಡುತ್ತೇನೆ. ಒಬ್ಬರು ಕಿಟಕಿ ಪರದೆಯ ಸಂದಿಯಿಂದ ಫೋಟೋ ತೆಗೆದು ಹಾಕಿದರು: ಎತ್ತರದ ಕಪ್ಪು ಮನುಷ್ಯ, ಕೈಯಲ್ಲಿ ಅಳತೆ ಟೇಪು, ಮೂಲೆ ಮನೆಯ ಬೇಲಿ ಹತ್ತಿರ. "ಹುಷಾರು, ಮಕ್ಕಳನ್ನ ಒಳಗೆ ಕರ್ಕೊಳ್ಳಿ." ಒಂದು ಗಂಟೆಯಲ್ಲಿ 43 ಮೆಸೇಜು. ಕಾರಿನ ನಂಬರೂ ಬಂತು. ಆತ ಆ ಮನೆಯನ್ನು ಕೊಂಡುಕೊಂಡವರು, ಹೊಸ ಬೇಲಿಗೆ ಅಳತೆ ತೆಗೆಯುತ್ತಿದ್ದರು. ಆ ಫೋಟೋ ಹೇಗೋ ಅವರಿಗೂ ಮುಟ್ಟಿತು. ಬೇಲಿ ಆರು ಅಡಿ ಹಾಕಿಸಿದರು. ಆ ಗುಂಪಿಗೆ ಈಗ ನಾನೇ ಅಡ್ಮಿನ್. ಇಂಥ ಫೋಟೋ ಹಾಕಿದರೆ ಕೇಳದೆ ತೆಗೆಯುತ್ತೇನೆ, ಎರಡನೇ ಸಲಕ್ಕೆ ನಿಮ್ಮನ್ನೂ ತೆಗೆಯುತ್ತೇನೆ.

ಊರಲ್ಲೂ ಇದೇ

ಇದೆಲ್ಲ ಅಮೆರಿಕದ ರೋಗ, ನಾವು ಹೀಗಿರಲಿಲ್ಲ ಅನ್ನುವವರಿಗೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ಕಡೆ ಸುಡಾನಿನವನೊಬ್ಬನ ಕಾರಿಗೆ ಸಿಕ್ಕಿ ಒಬ್ಬ ಹೆಂಗಸು ಸತ್ತರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಹಿಡಿದು ಹೊಡೆದರು, ಕಾರು ಸುಟ್ಟರು. ಅವಳಿಗೂ ಆ ಅಪಘಾತಕ್ಕೂ ಇದ್ದ ಸಂಬಂಧ ಬಣ್ಣ ಒಂದೇ. 2018ರ ಮೇನಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅಂತ ಸುಳ್ಳು ಸುದ್ದಿ ನಂಬಿ ರಾಜಸ್ಥಾನದಿಂದ ಕೂಲಿಗೆ ಬಂದ ಹುಡುಗನನ್ನು ಹೊಡೆದು ಕೊಂದರು. ವಾಟ್ಸಾಪೇ ಅಲ್ಲೂ.

ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಆಫ್ರಿಕಾ ಮೂಲದ ಸಿದ್ದಿಗಳು ನಮ್ಮವರೇ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, 2020ರಲ್ಲಿ ವಿಧಾನ ಪರಿಷತ್ತಿಗೂ ಬಂದರು. ಸಿದ್ದಿ ಹುಡುಗನೊಬ್ಬ ಬೆಂಗಳೂರಲ್ಲಿ ಬಸ್ ಹತ್ತಿದರೆ ಕಂಡಕ್ಟರ್ ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ.

ನಮ್ಮ ಮೇಲೇ ಬಂದಾಗ

1987ರಲ್ಲಿ ಜೆರ್ಸಿ ಸಿಟಿ ಕಡೆ ಹಣೆಯ ಬೊಟ್ಟು ನೋಡಿ ಹೊಡೆಯುವ ಗುಂಪೇ ಇತ್ತು. 2001ರ ಸೆಪ್ಟೆಂಬರ್ 15ರಂದು ಅರಿಜೋನಾದಲ್ಲಿ ಪೇಟ ಕಟ್ಟಿದ ಬಲ್ಬೀರ್ ಸಿಂಗ್ ಸೋಧಿ ಅವರನ್ನು ಅವರ ಪೆಟ್ರೋಲ್ ಬಂಕ್ ಮುಂದೆಯೇ ಕೊಂದರು. 2017ರಲ್ಲಿ ಕಾನ್ಸಾಸ್‌ನ ಒಲೇಥದಲ್ಲಿ ತೆಲುಗಿನ ಎಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲ ಅವರನ್ನು ಕೊಂದವನು, ಇರಾನಿನವರು ಅಂದುಕೊಂಡಿದ್ದ.

- ಬೈದರೆ ಉತ್ತರ ಕೊಡಬೇಡಿ, ಜನರಿರುವ ಕಡೆ ಹೋಗಿ.
- ಸಮಯ, ಜಾಗ, ಕಾರಿನ ನಂಬರ್ ಬರೆದಿಡಿ. ಪೊಲೀಸ್ ದೂರು ಕೊಡಿ, ನಕಲು ಕೇಳಿ ಪಡೆಯಿರಿ.
- ಕೂಟಕ್ಕೆ ತಿಳಿಸಿ. ನಾಚಿಕೆಯ ವಿಷಯ ಅಲ್ಲ.
- ಬೇರೆಯವರಿಗೆ ಆಗುತ್ತಿರುವುದನ್ನು ಕಂಡರೆ ಅವರ ಪಕ್ಕ ಹೋಗಿ ನಿಲ್ಲಿ.

ಕಳ್ಳರ ವಿಚಾರ

ನಮ್ಮ ಕೂಟದವರು ನಿಜವಾಗಿ ದುಡ್ಡು ಕಳೆದುಕೊಂಡಿದ್ದು ಹೆಚ್ಚಾಗಿ ಫೋನಿನಲ್ಲಿ. ತೆರಿಗೆ ಇಲಾಖೆಯವರು, ಅರೆಸ್ಟ್ ಮಾಡುತ್ತೇವೆ, ಗಿಫ್ಟ್ ಕಾರ್ಡ್ ನಂಬರ್ ಕೊಡಿ ಅಂತ. 2016ರ ಅಕ್ಟೋಬರ್‌ನಲ್ಲಿ ಮುಂಬೈ ಪಕ್ಕದ ಮೀರಾ ರೋಡ್‌ನಲ್ಲಿ ಇಂಥ ಕಾಲ್ ಸೆಂಟರುಗಳ ಮೇಲೆ ಪೊಲೀಸರು ದಾಳಿ ಮಾಡಿದರು. ಉಚ್ಚಾರ ನಮ್ಮದೇ ಥರ, ಅದಕ್ಕೇ ನಂಬಿಕೆ ಬರುತ್ತದೆ. ಚಿನ್ನ ಲಾಕರಿನಲ್ಲಿಡಿ. ಇಂಡಿಯಾಕ್ಕೆ ಹೊರಟಿದ್ದೇವೆ ಅಂತ ಫೇಸ್‌ಬುಕ್‌ನಲ್ಲಿ ಹಾಕಬೇಡಿ.

ಮಕ್ಕಳು

ನಿಮ್ಮಿಂದ ಕಲಿಯುತ್ತಾರೆ. ಕಪ್ಪು ಸ್ನೇಹಿತನ ಹುಟ್ಟುಹಬ್ಬಕ್ಕೆ ಕರೆದರೆ ಕಳಿಸಿ. ಯಾವ ಏರಿಯಾ ಅಂತ ಮೂರು ಸಲ ಕೇಳಬೇಡಿ. ಹ್ಯಾಲೋವೀನ್ ದಿನ ಎತ್ತರದ ಹುಡುಗರು ಬಂದರೆ ಅವರಿಗೂ ಚಾಕೊಲೇಟ್ ಕೊಡಿ, ಹದಿಮೂರು ವರ್ಷಕ್ಕೆ ಆರಡಿ ಬೆಳೆಯುವವರಿದ್ದಾರೆ.

ಹೊಸಬರ ಸುತ್ತಾಟ

ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಸೆಪ್ಟೆಂಬರಿನಲ್ಲಿ, ಹೊಸಬರನ್ನು ಕರೆದುಕೊಂಡು ಲೂಪ್‌ನಿಂದ ಗ್ರೀನ್ ಲೈನ್ ಹತ್ತಿ ಗಾರ್ಫೀಲ್ಡ್‌ನಲ್ಲಿ ಇಳಿದು, 55ನೇ ನಂಬರ್ ಬಸ್ಸಿನಲ್ಲಿ ವಾಷಿಂಗ್ಟನ್ ಪಾರ್ಕ್‌ಗೆ ಹೋಗುತ್ತೇವೆ. ಸೌತ್ ಸೈಡೇ, ಹೌದು. ಅಲ್ಲಿ ಡುಸೇಬಲ್ ಮ್ಯೂಸಿಯಂ ಇದೆ, 1961ರಲ್ಲಿ ಶುರುವಾದದ್ದು. ಈ ಊರಿಗೆ ಮೊದಲು ಬಂದು ನೆಲೆ ನಿಂತ ಹೊರಗಿನವನು ಜಾನ್ ಬ್ಯಾಪ್ಟಿಸ್ಟ್ ಪಾಯಿಂಟ್ ಡುಸೇಬಲ್, ಕಪ್ಪು ವ್ಯಾಪಾರಿ. ಅವನ ಹೆಸರನ್ನು ಕೆರೆ ಪಕ್ಕದ ದೊಡ್ಡ ರಸ್ತೆಗೂ 2021ರಲ್ಲಿ ಇಟ್ಟರು. ಬೆಳಿಗ್ಗೆ ಹತ್ತಕ್ಕೆ ಹೊರಟು ನಾಲ್ಕಕ್ಕೆ ವಾಪಸ್. ಹಿರಿಯರನ್ನೂ ಕರೆತನ್ನಿ, ಕೊರಳಿಗೆ ಚೀಟಿ ಹಾಕಿ. ಮಧ್ಯಾಹ್ನಕ್ಕೆ ಚಿತ್ರಾನ್ನ, ಚಪಾತಿ ಏನಾದರೂ ಕಟ್ಟಿಕೊಳ್ಳಿ. ಮೊಸರನ್ನ ಬೇಡ, ಹೋದ ಸಲ ರೈಲಿನಲ್ಲಿ ಚೆಲ್ಲಿ, ಪಕ್ಕದಲ್ಲಿ ಕೂತಿದ್ದವರ ಶೂ ಒರೆಸಿಕೊಟ್ಟೆವು.